ಬಿದ್ದ ಗಾಡಿಯನ್ನು ಎತ್ತುವವರು ಯಾರು?

"ಚಿಕ್ಕ ಗಾಡಿ ತಗೋಬೇಡ, ಆರು ತಿಂಗಳಿಗೆ ಬೇಜಾರಾಗತ್ತೆ. ತಗೊಳ್ಳೋದಾದ್ರೆ ಒಂದೇ ಸಲ ದೊಡ್ಡದು ತಗೊಂಡ್ಬಿಡು."

ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವ ಆಸೆ ಹುಟ್ಟಿದ ಯಾರನ್ನು ಬೇಕಾದರೂ ಕೇಳಿ ನೋಡಿ, ಈ ಮಾತು ಅವರ ಕಿವಿಗೆ ಬಿದ್ದೇ ಇರುತ್ತದೆ. ಷೋರೂಮಿನಲ್ಲಿ ಹೇಳಿರುತ್ತಾರೆ, ಆಫೀಸಿನ ಗೆಳೆಯ ಹೇಳಿರುತ್ತಾನೆ, ಗೇರಿನ ಗಾಡಿಯನ್ನೇ ಮುಟ್ಟದ ಚಿಕ್ಕಪ್ಪನೂ ಹೇಳಿರುತ್ತಾರೆ. ಹತ್ತು ಜನ ಹೇಳಿದ್ದು ಸತ್ಯ ಎಂಬಂತೆ ಇದು ನಡೆದುಬಂದಿದೆ. ನಾನು ಹದಿನಾರು ವರ್ಷದಿಂದ ಮಣ್ಣಿನಲ್ಲಿ ಗಾಡಿ ಓಡಿಸುತ್ತಿದ್ದೇನೆ. ಈಚಿನ ಏಳು ವರ್ಷ ಭಾನುವಾರದ ಬೆಳಿಗ್ಗೆಗಳನ್ನು ಹೊಸಕೋಟೆಯಾಚೆ ಗೆಳೆಯನೊಬ್ಬನ ಪಾಳುಬಿದ್ದ ಜಮೀನಿನಲ್ಲಿ ಹೊಸಬರ ಜೊತೆ ಕಳೆದಿದ್ದೇನೆ. ಕಲಿಯಬೇಕೆಂದು ಬಂದವರನ್ನು ಮಣ್ಣಿನಿಂದಲೇ ಓಡಿಸಿದ ಮಾತು ಇದರಷ್ಟು ಇನ್ನೊಂದಿಲ್ಲ. ಇದು ಜೇಬು ಸುಡುವ ಸಲಹೆ, ಕಾಲು ಮುರಿಯುವ ಸಲಹೆ. ಎಲ್ಲಕ್ಕಿಂತ ಹೆಚ್ಚಾಗಿ, ಕಲಿಕೆ ಹೇಗೆ ಆಗುತ್ತದೆ ಎಂಬುದನ್ನೇ ತಿಳಿಯದವರ ಸಲಹೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಹೊತ್ತು, ನಾವು ನಾಲ್ಕು ಜನ ಮೂಡಿಗೆರೆ ಕಡೆಯ ಪರಿಚಯದವರ ತೋಟದೊಳಗೆ ಹೋಗಿದ್ದೆವು. ಜೀಪು ಓಡಾಡಿ ಎರಡು ಕೊರಕಲು ಬಿದ್ದ ದಾರಿ, ನಡುವೆ ಹುಲ್ಲು. ಗುಂಪಿನಲ್ಲಿ ಒಬ್ಬ ಹೊಸಬ. ಸಾಫ್ಟ್‌ವೇರ್ ಕೆಲಸ, ವಯಸ್ಸು ಇಪ್ಪತ್ತೆಂಟು. ಎರಡು ವಾರದ ಹಿಂದಷ್ಟೇ ಸುಮಾರು ಇನ್ನೂರು ಕಿಲೋ ತೂಗುವ ಅಡ್ವೆಂಚರ್ ಬೈಕು ಕೊಂಡಿದ್ದ. ಸಾಲ ಮಾಡಿಯೇ ಕೊಂಡಿದ್ದ. ಏರಿನಲ್ಲಿ ಮುಂದಿನ ಚಕ್ರ ಕೊರಕಲಿಗೆ ಇಳಿಯಿತು, ಅವನು ಎಡಗಾಲು ಊರಲು ನೋಡಿದ. ಊರಬೇಕಾದ ಕಡೆ ನೆಲವೇ ಇರಲಿಲ್ಲ. ದಾರಿಯ ಅಂಚು ಅಲ್ಲಿ ಒಂದು ಅಡಿ ತಗ್ಗು. ಗಾಡಿ ನಿಧಾನವಾಗಿ, ಬಹಳ ನಿಧಾನವಾಗಿ, ಕಾಫಿ ಗಿಡದ ಕಡೆಗೆ ವಾಲಿತು. ವೇಗ ಗಂಟೆಗೆ ಐದು ಕಿಲೋಮೀಟರೂ ಇರಲಿಲ್ಲ. ಇಂಥ ಬೀಳುವಿಕೆಗೆ ಯಾರೂ ಹೆದರುವುದಿಲ್ಲ, ಹೆದರಬೇಕಾದ್ದೂ ಇಲ್ಲ. ಆದರೆ ಬಿದ್ದ ಗಾಡಿಯನ್ನು ಎತ್ತಬೇಕಲ್ಲ.

ಹ್ಯಾಂಡಲ್ ಹಿಡಿದು ಎತ್ತಲು ಹೋದ, ಕಾಲಡಿಯ ಕೆಸರು ಜಾರಿತು. ಹಿಂದೆ ತಿರುಗಿ, ಬೆನ್ನನ್ನು ಸೀಟಿಗೆ ಒತ್ತಿ, ಮಂಡಿ ಬಗ್ಗಿಸಿ ತಳ್ಳುವ ಕ್ರಮವನ್ನು ನಾನೇ ತೋರಿಸಿದ್ದೆ. ಸಪಾಟು ನೆಲದಲ್ಲಿ ಅದು ಸಾಧ್ಯ. ಇಳುಕಲಿಗೆ ಅಡ್ಡಬಿದ್ದ ಗಾಡಿಯ ಚಕ್ರಗಳು ಮೇಲೆ, ಸೀಟು ಕೆಳಗೆ ಇರುವಾಗ ಅದು ಒಬ್ಬನ ಕೆಲಸವಲ್ಲ. ನಾವು ಮೂವರು ಸೇರಿ ಎತ್ತಿದೆವು. ನೂರು ಮೀಟರ್ ಹೋದಮೇಲೆ ಮತ್ತೆ ಬಿದ್ದ, ಮತ್ತೆ ಎತ್ತಿದೆವು. ನಾಲ್ಕನೆಯ ಸಲ ಬಿದ್ದಾಗ ಅವನ ಕೈ ನಡುಗುತ್ತಿತ್ತು. ಅದು ಭಯದ ನಡುಕವಲ್ಲ, ಸುಸ್ತಿನ ನಡುಕ. ಕ್ಲಚ್ ಹಿಡಿಯುವ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಐದನೆಯ ಸಲ ಅವನ ಪಾದ ಗಾಡಿಯ ಅಡಿಗೆ ಸಿಕ್ಕಿಕೊಂಡಿತು. ಬೂಟು ಒಳ್ಳೆಯದಿದ್ದುದರಿಂದ ಉಳುಕಿನಲ್ಲಿ ಮುಗಿಯಿತು.

ನಾವು ಅವನ ಪಾದಕ್ಕೆ ನೀರು ಹಾಕುತ್ತಾ ಕೂತಿದ್ದಾಗ ಅದೇ ಏರನ್ನು ತೋಟದ ಕೆಲಸದವರೊಬ್ಬರು ಹಳೆಯ ಟಿವಿಎಸ್ ಎಕ್ಸೆಲ್ ಮೇಲೆ ಹತ್ತಿ ಬಂದರು. ಮುಂದೆ ಕಾಲಿನ ಜಾಗದಲ್ಲಿ ಗೊಬ್ಬರದ ಚೀಲ, ಹಿಂದೆ ಕಟ್ಟಿದ ಮೆಣಸಿನ ಏಣಿ, ಕಾಲಿನಲ್ಲಿ ಹವಾಯಿ ಚಪ್ಪಲಿ. ಎರಡೂ ಕಾಲನ್ನು ಕೆಳಗೆ ಬಿಟ್ಟು, ನೆಲವನ್ನು ತಟ್ಟುತ್ತಾ, ಹುಲ್ಲಿನ ನಡುಪಟ್ಟಿಯ ಮೇಲೇ ಗಾಡಿಯನ್ನು ಹಿಡಿದುಕೊಂಡು ಬಂದು ನಿಲ್ಲಿಸಿ, "ಏನಾಯ್ತು ಸರ್, ಎತ್ತಿ ಕೊಡ್ಬೇಕಾ?" ಅಂದರು. ಅವರ ಗಾಡಿಯ ಎಂಜಿನ್ನಿನ ಶಕ್ತಿ ನಾಲ್ಕು ಹಾರ್ಸ್ ಪವರ್ ಆಸುಪಾಸು. ಬಿದ್ದಿದ್ದ ಗಾಡಿಯದು ಅದರ ಹಲವು ಪಟ್ಟು.

ಆ ಹುಡುಗ ಮತ್ತೆ ಮಣ್ಣಿಗೆ ಬರಲಿಲ್ಲ. ಗಾಡಿ ಈಗಲೂ ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕವರ್ ಹೊದ್ದು ನಿಂತಿದೆ. ಮಣ್ಣು ತನಗೆ ಹೇಳಿದ್ದಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ. ನನ್ನ ಹೊಟ್ಟೆಯುರಿ ಇರುವುದು ಇಲ್ಲಿಯೇ. ಅವನಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಅವನಿಗೆ ಸಿಕ್ಕ ಸಲಹೆಯಲ್ಲಿ.

"ಬೇಜಾರಾಗತ್ತೆ" ಎನ್ನುವವರ ವಾದದ ಬುಡದಲ್ಲಿ ಒಂದು ಊಹೆ ಇದೆ: ಕಲಿಯುವವನು ತಾನಾಗಿಯೇ ಬೆಳೆಯುತ್ತಾನೆ, ಗಾಡಿ ಮಾತ್ರ ಬೆಳೆಯುವುದಿಲ್ಲ, ಹಾಗಾಗಿ ನಾಳೆಯ ಅಳತೆಗೆ ಇಂದೇ ಕೊಂಡುಬಿಡಬೇಕು. ಜೂನ್ ತಿಂಗಳಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಸುವಾಗ ಅಮ್ಮ ಹೇಳುವ ಮಾತೇ ಇದು: ಬೆಳೆಯೋ ಹುಡುಗ, ಒಂದೆರಡು ಇಂಚು ಜಾಸ್ತಿ ಇರಲಿ. ಬಟ್ಟೆಗೆ ಅದು ಸರಿ. ದೊಗಲೆ ಅಂಗಿ ಹಾಕಿಕೊಂಡರೂ ಮಗು ಬೆಳೆಯುತ್ತದೆ. ಬೆಳವಣಿಗೆಗೂ ಅಂಗಿಗೂ ಸಂಬಂಧವಿಲ್ಲ. ಬೈಕಿನಲ್ಲಿ ಹಾಗಲ್ಲ. ಇಲ್ಲಿ ಬೆಳೆಯಬೇಕಾದ್ದು ಕೈಚಳಕ, ಅದು ಬೆಳೆಯುವುದು ಆ ಗಾಡಿಯ ಮೇಲೆಯೇ. ದೊಗಲೆ ಗಾಡಿ ಕೊಟ್ಟರೆ ಬೆಳವಣಿಗೆಯೇ ನಿಂತುಹೋಗುತ್ತದೆ.

ಹೇಗೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಜಗಳ ಇರುವುದು ಇದರಲ್ಲೇ. ಮಣ್ಣಿನಲ್ಲಿ ಓಡಿಸುವುದನ್ನು ಕಲಿಯುವುದೆಂದರೆ ಜಾರುವ ಚಕ್ರದ ಜೊತೆ ಸ್ನೇಹ ಬೆಳೆಸುವುದು. ಹಿಂದಿನ ಚಕ್ರ ಪಕ್ಕಕ್ಕೆ ಸರಿದಾಗ ಗಾಬರಿಯಾಗದೆ ಆಕ್ಸಿಲರೇಟರನ್ನು ಹಾಗೇ ಹಿಡಿದಿರುವುದು, ಚರಳಿನ ಮೇಲೆ ಮುಂದಿನ ಬ್ರೇಕನ್ನು ಒಂದೇ ಬೆರಳಿನಲ್ಲಿ ಎಷ್ಟು ಒತ್ತಬಹುದು ಎಂದು ತಿಳಿಯುವುದು, ಪೆಗ್ಗಿನ ಮೇಲೆ ನಿಂತು ಮೈಯ ಭಾರವನ್ನು ಹೊರಗಿನ ಕಾಲಿಗೆ ಹಾಕುವುದು, ಏರಿನ ನಡುವೆ ಎಂಜಿನ್ ಆಫ್ ಆದರೆ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸಿ ತಿರುಗಿಸಿಕೊಂಡು ಇಳಿಯುವುದು. ಇವುಗಳಲ್ಲಿ ಒಂದೂ ಓದಿ ಬರುವುದಿಲ್ಲ. ತಪ್ಪು ಮಾಡಬೇಕು, ಬೀಳಬೇಕು, ಎದ್ದು ಅದನ್ನೇ ಮತ್ತೆ ಮಾಡಬೇಕು. ಒಂದು ಬೆಳಿಗ್ಗೆಗೆ ಇಪ್ಪತ್ತು ಸಲ ಬೀಳುವ ಅವಕಾಶ ಇದ್ದವನು ಇಪ್ಪತ್ತು ಪಾಠ ಕಲಿಯುತ್ತಾನೆ. ಇನ್ನೂರು ಕಿಲೋ ಗಾಡಿಯವನಿಗೆ ಮೂರು ಸಲ ಬೀಳುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಬೀಳಬಾರದು ಎಂದು ಅವನು ಜಾರುವ ಕಡೆ ಹೋಗುವುದನ್ನೇ ಬಿಡುತ್ತಾನೆ. ಜಾರದೆ ಕಲಿಯುವುದೇನು?

ಇನ್ನು ಶಕ್ತಿಯ ವಿಷಯ. ಹೊಸಬ ಒಂದು ದಿಬ್ಬ ಹತ್ತುವಾಗ ಏನಾಗುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಿ. ಅವನು ಸ್ವಲ್ಪ ರೇಸ್ ಮಾಡುತ್ತಾನೆ, ಗಾಡಿ ಮುಂದಕ್ಕೆ ನೆಗೆಯುತ್ತದೆ, ಮೈ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಹೋದ ಮೈ ತೋಳನ್ನು ಎಳೆಯುತ್ತದೆ, ತೋಳು ಮಣಿಕಟ್ಟನ್ನು ಎಳೆಯುತ್ತದೆ, ಮಣಿಕಟ್ಟು ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತದೆ. ಬೇಡ ಬೇಡ ಎನ್ನುತ್ತಿರುವಾಗಲೇ ಕೈ ಪೂರ್ತಿ ತಿರುಗಿರುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಎಂಟು ಹತ್ತು ಹಾರ್ಸ್ ಪವರಿನ ಗಾಡಿಯಲ್ಲಿ ಈ ತಪ್ಪಾದರೆ ಎಂಜಿನ್ ಅರಚುತ್ತದೆ, ಅಷ್ಟೇ. ಕ್ಲಚ್ ಹಿಡಿಯಲು ಹೊತ್ತು ಸಿಗುತ್ತದೆ. ನಲವತ್ತು ಹಾರ್ಸ್ ಪವರಿನದರಲ್ಲಿ ಅದೇ ತಪ್ಪಾದರೆ ಗಾಡಿ ಬೇಲಿಯ ಆಚೆ ಇರುತ್ತದೆ. ತಪ್ಪು ಇಬ್ಬರದೂ ಒಂದೇ, ತೆರುವ ಬೆಲೆ ಒಂದಲ್ಲ. ಕಲಿಯುವವನು ತಪ್ಪಿಗೆ ಕಡಿಮೆ ಬೆಲೆ ಕೊಡುವ ಕಡೆ ಇರಬೇಕು ಎಂದು ಹೇಳಲು ದೊಡ್ಡ ಪಾಂಡಿತ್ಯ ಬೇಡ.

ಮೋಟೋಕ್ರಾಸ್ ಆಟವೇ ಈ ಮಾತನ್ನು ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ನಡೆಯುವುದು 65 ಸಿಸಿ, 85 ಸಿಸಿ, 125 ಸಿಸಿ ಎಂಬ ಮೆಟ್ಟಿಲುಗಳಲ್ಲಿ. ಅದು ದಾಟಿದ ಮೇಲೆ 23 ವರ್ಷದೊಳಗಿನವರಿಗಾಗಿ ಎಂಎಕ್ಸ್2, ಅಂದರೆ 250 ಸಿಸಿ. ಕೊನೆಗೆ 450. ನಾಲ್ಕನೆಯ ವಯಸ್ಸಿನಿಂದ ಮಣ್ಣಿನಲ್ಲೇ ಬೆಳೆದ, ಅದನ್ನೇ ಬದುಕು ಮಾಡಿಕೊಂಡ ಮಕ್ಕಳು ಇಷ್ಟು ಮೆಟ್ಟಿಲು ಹತ್ತಿ 450ಕ್ಕೆ ಬರುತ್ತಾರೆ. ಅವರು ಓಡಿಸುವ 450 ಸಿಸಿ ಮೋಟೋಕ್ರಾಸ್ ಗಾಡಿ ತೂಗುವುದಾದರೂ ಸುಮಾರು 110 ಕಿಲೋ. ಶಕ್ತಿ 50 ಹಾರ್ಸ್ ಪವರಿಗೂ ಮೇಲೆ, ಸೀಟಿನ ಎತ್ತರ 960 ಮಿಲಿಮೀಟರ್ ಆಸುಪಾಸು. ಮರಳುಗಾಡಿನ ಡಕಾರ್ ರ್‍ಯಾಲಿಯಲ್ಲಿ ಕೂಡ 2011ರಿಂದ 450 ಸಿಸಿ ಮೀರಿದ ಬೈಕುಗಳಿಗೆ ಜಾಗವಿಲ್ಲ. ವೇಗ ಕೈಮೀರುತ್ತಿದೆ ಎಂದು ಕಂಡೇ ಆ ಮಿತಿ ಹಾಕಿದರು. 2015ರಲ್ಲಿ ಆ ರ್‍ಯಾಲಿಗೆ ಇಳಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 36ನೆಯವರಾಗಿ ಮುಗಿಸಿದ್ದು ಈ ಮಿತಿಯೊಳಗಿನ ಗಾಡಿಯಲ್ಲೇ. ಜಗತ್ತಿನ ಅತಿ ಕಠಿಣ ರ್‍ಯಾಲಿಗೆ 450 ಸಾಕು. ಆದರೆ ನಂದಿಬೆಟ್ಟದ ಬುಡದ ಮಣ್ಣುದಾರಿಗೆ ಮೊದಲ ಸಲ ಇಳಿಯುವವನಿಗೆ ಅದಕ್ಕಿಂತ ಕಡಿಮೆಯಾದರೆ ಅವಮಾನ ಎಂದು ಹೇಳಿಕೊಡುತ್ತಿದ್ದೇವೆ.

ನಮ್ಮಲ್ಲಿ ಈ ಚಾಳಿ ಹಳೆಯದು. 2011ರಲ್ಲಿ ಹೀರೋ ಕಂಪನಿ ಇಂಪಲ್ಸ್ ಎಂಬ ಗಾಡಿ ತಂದಿತು. 149 ಸಿಸಿ, ಸುಮಾರು 13 ಹಾರ್ಸ್ ಪವರ್, 134 ಕಿಲೋ, ಎತ್ತರದ ಸಸ್ಪೆನ್ಷನ್, ಕಡ್ಡಿಚಕ್ರ. ಇದರ ಮೂಲ ಬ್ರೆಜಿಲಿನಲ್ಲಿ ಹೋಂಡಾ ಮಾರುವ ಬ್ರೋಸ್. ಅಲ್ಲಿಯ ಕೆಮ್ಮಣ್ಣಿನ ಹಳ್ಳಿದಾರಿಗಳಲ್ಲಿ ಅದು ನಮ್ಮ ಸ್ಪ್ಲೆಂಡರಿನಷ್ಟೇ ಸಾಮಾನ್ಯ. ನಮ್ಮಲ್ಲಿ ಇಂಪಲ್ಸ್ ನೋಡಿದವರೆಲ್ಲ ಒಂದೇ ಸ್ವರದಲ್ಲಿ ಹೇಳಿದ್ದು: ಚೆನ್ನಾಗಿದೆ, ಪವರ್ ಇಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಈಗ ಹಳೆಯ ಇಂಪಲ್ಸ್ ಎಲ್ಲಾದರೂ ಮಾರಾಟಕ್ಕಿದೆ ಎಂದರೆ ಮಣ್ಣಿನ ರುಚಿ ಕಂಡವರು ಹುಡುಕಿಕೊಂಡು ಹೋಗುತ್ತಾರೆ. ಅಂದು ಅದನ್ನು ಓಡಿಸಿ ಕಲಿಯಬಹುದಾಗಿದ್ದ ಒಂದು ಪೀಳಿಗೆಯನ್ನು ನಾವು ಮಾತಿನಿಂದಲೇ ಕಳೆದುಕೊಂಡೆವು.

ಅದಕ್ಕೂ ಹಿಂದೆ ಇದ್ದ ಆರ್‌ಎಕ್ಸ್100 ನೆನಪಿಸಿಕೊಳ್ಳಿ. 1985ರಿಂದ 1996ರವರೆಗೆ ಬಂದ ಆ ಯಮಹಾ 98 ಸಿಸಿಯದು. 11 ಹಾರ್ಸ್ ಪವರ್, ನೂರು ಕಿಲೋ ಚಿಲ್ಲರೆ ತೂಕ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಒಂದು ಇಡೀ ತಲೆಮಾರು ಕೆಸರಿನಲ್ಲಿ ಗಾಡಿ ಹಿಡಿಯುವುದನ್ನು ಕಲಿತದ್ದು ಅದರ ಮೇಲೆ. ಅದು ಡರ್ಟ್ ಬೈಕೇ ಅಲ್ಲ, ನೆಲದಿಂದ ಅದಕ್ಕೆ ಎತ್ತರವೇ ಇರಲಿಲ್ಲ. ಆದರೂ ಕಲಿತರು, ಏಕೆಂದರೆ ಹಳ್ಳದಲ್ಲಿ ಸಿಕ್ಕಿಕೊಂಡರೆ ಒಬ್ಬನೇ ಹಿಂದಿನ ಚಕ್ರವನ್ನು ಎತ್ತಿ ಪಕ್ಕಕ್ಕೆ ಇಡಬಹುದಿತ್ತು.

ಈಗ ಎದುರಿನವರ ವಾದಗಳಿಗೆ ಬರುತ್ತೇನೆ. ಒಂದನ್ನೂ ತಳ್ಳಿಹಾಕದೆ ಉತ್ತರಿಸಬೇಕಾದ ಜವಾಬ್ದಾರಿ ನನ್ನ ಮೇಲಿದೆ.

"ನಾನು ಹೊಸಬನಲ್ಲ, ಹತ್ತು ವರ್ಷದಿಂದ ಬುಲೆಟ್ ಓಡಿಸ್ತಿದೀನಿ" ಎನ್ನುವವರು ಬಹಳ. ಅವರ ರಸ್ತೆಯ ಅನುಭವಕ್ಕೆ ನನ್ನ ಗೌರವವಿದೆ. ಆದರೆ ಡಾಂಬರು ಕಲಿಸಿದ ಅಭ್ಯಾಸಗಳನ್ನು ಮಣ್ಣು ಒಂದೊಂದಾಗಿ ಬಿಡಿಸುತ್ತದೆ. ರಸ್ತೆಯಲ್ಲಿ ತಿರುವಿಗೆ ಮೈಯನ್ನು ಗಾಡಿಯ ಜೊತೆ ಒಳಕ್ಕೆ ವಾಲಿಸುತ್ತೀರಿ. ಮಣ್ಣಿನಲ್ಲಿ ಗಾಡಿ ಮಾತ್ರ ಒಳಕ್ಕೆ ವಾಲಬೇಕು, ನೀವು ಅದರ ಮೇಲೆ ನೆಟ್ಟಗಿರಬೇಕು. ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಎದೆ ಧಸಕ್ಕೆನ್ನುತ್ತದೆ. ಮಣ್ಣಿನಲ್ಲಿ ಅದು ನಿತ್ಯದ ಸಂಗತಿ. ಹತ್ತು ವರ್ಷದ ಅನುಭವಿಗೆ ಒಂದು ತೊಡಕು ಹೆಚ್ಚೇ, ಏಕೆಂದರೆ ಅವನು ಮೊದಲು ಮರೆಯಬೇಕು, ಆಮೇಲೆ ಕಲಿಯಬೇಕು. ಹೊಸಕೋಟೆಯಾಚೆಯ ಆ ಜಮೀನಿಗೆ ಬಂದವರಲ್ಲಿ ಬೇಗ ಕಲಿತವರು ಯಾರು ಎಂದರೆ, ಅವರಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಓಡಿಸದ ತುಮಕೂರಿನ ಒಬ್ಬ ಶಾಲಾ ಶಿಕ್ಷಕಿಯ ಹೆಸರು ಮೇಲಿರುತ್ತದೆ. ಮೊದಲ ದಿನ ನನ್ನ ಹಳೆಯ ಹಗುರ ಗಾಡಿಯನ್ನು ಹನ್ನೊಂದು ಸಲ ಬೀಳಿಸಿದರು. ಹನ್ನೊಂದು ಸಲವೂ ತಾವೇ ಎತ್ತಿದರು. "ಅಣ್ಣ, ನೀವು ಮುಟ್ಬೇಡಿ, ನಾನೇ ಎತ್ತೀನಿ" ಎಂದು ನನ್ನನ್ನು ದೂರ ನಿಲ್ಲಿಸಿದ್ದರು. ಮೂರನೆಯ ತಿಂಗಳಿಗೆ ಒಣಗಿದ ಕೆರೆಯಂಗಳದ ಮರಳಿನಲ್ಲಿ ನಿಂತುಕೊಂಡೇ ಓಡಿಸುತ್ತಿದ್ದರು.

"ಚಿಕ್ಕದು ಕೊಂಡು ಮಾರಿದರೆ ದುಡ್ಡು ಹಾಳು" ಎನ್ನುವುದು ಇನ್ನೊಂದು. ಲೆಕ್ಕ ಹಾಕೋಣ. ಮಣ್ಣಿನಲ್ಲಿ ಕಲಿಯುವ ಗಾಡಿ ಬೀಳುತ್ತದೆ. ಅದರಲ್ಲಿ ಅನುಮಾನ ಬೇಡ. ಸರಳ ಗಾಡಿ ಬಿದ್ದರೆ ಬಾಗುವುದು ಕ್ಲಚ್ ಲಿವರು, ಬ್ರೇಕ್ ಪೆಡಲು, ಒಮ್ಮೊಮ್ಮೆ ಇಂಡಿಕೇಟರು. ಯಾವ ತಾಲೂಕಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ, ರಸ್ತೆ ಬದಿಯ ಮೆಕ್ಯಾನಿಕ್ ಹಾಕಿಕೊಡುತ್ತಾನೆ. ದೊಡ್ಡ ಗಾಡಿಯಲ್ಲಿ ರೇಡಿಯೇಟರ್ ಇದೆ, ಬಣ್ಣದ ಡಿಸ್‌ಪ್ಲೇ ಇದೆ, ವಿಂಡ್‌ಸ್ಕ್ರೀನ್ ಇದೆ, ಬಿದ್ದರೆ ಪೆಟ್ಟಾಗಬಾರದು ಎಂದು ಸುತ್ತ ಹಾಕಿಸಿದ ಕಬ್ಬಿಣದ ಗಾರ್ಡುಗಳಿವೆ. ಆ ಗಾರ್ಡುಗಳಿಂದ ತೂಕ ಇನ್ನೂ ಹೆಚ್ಚುತ್ತದೆ, ಬೀಳುವುದೂ ಹೆಚ್ಚುತ್ತದೆ. ಒಂದು ವರ್ಷ ಮಣ್ಣಿನಲ್ಲಿ ಹೊರಳಿದ ಸಣ್ಣ ಗಾಡಿ ಮಾರಿದರೆ ಆಗುವ ನಷ್ಟ, ಒಂದು ವರ್ಷ ನೆಲಮಾಳಿಗೆಯಲ್ಲಿ ನಿಂತ ದೊಡ್ಡ ಗಾಡಿ ಮಾರಿದರೆ ಆಗುವ ನಷ್ಟಕ್ಕೆ ಏನೂ ಅಲ್ಲ. ಸೆಕೆಂಡ್ ಹ್ಯಾಂಡ್ ಕೊಂಡರಂತೂ ಗೀರು ಬಿದ್ದ ನೋವೂ ಇಲ್ಲ. ಹೊಸ ಗಾಡಿಯ ಮೊದಲ ಗೀರಿಗೆ ಅಳುವವನು ಮಣ್ಣಿನಲ್ಲಿ ಧೈರ್ಯವಾಗಿ ತಪ್ಪು ಮಾಡಲಾರ.

ಉಳಿದ ದುಡ್ಡಿಗೆ ಏನು ಮಾಡಬೇಕು ಎಂದರೆ, ಬೂಟು ಕೊಳ್ಳಿ. ಮಂಡಿಯ ಗಾರ್ಡು ಕೊಳ್ಳಿ. ಗದ್ದ ಮುಂದೆ ಚಾಚಿದ ಡರ್ಟ್ ಹೆಲ್ಮೆಟ್ಟು, ಕನ್ನಡಕ, ಎದೆ ಬೆನ್ನಿನ ಕವಚ ಕೊಳ್ಳಿ. ಮೂರೂವರೆ ಲಕ್ಷದ ಗಾಡಿಗೆ ಸಾಲ ಮಾಡಿ, ಕಾಲಿಗೆ ಓಟದ ಶೂ ಹಾಕಿಕೊಂಡು ಬಂದವರನ್ನು ನಾನು ಎಷ್ಟು ಸಲ ವಾಪಸ್ ಕಳಿಸಿದ್ದೇನೋ ಲೆಕ್ಕವಿಲ್ಲ. ಮಣ್ಣಿನಲ್ಲಿ ಮೊದಲು ಅಪಾಯಕ್ಕೆ ಸಿಗುವುದು ಕಣಕಾಲು. ಗಾಡಿ ಬೀಳುವಾಗ ಕಾಲನ್ನು ಊರುವುದು ಮನುಷ್ಯನ ಸ್ವಭಾವ, ಅದನ್ನು ತಡೆಯಲಾಗದು. ಆಗ ಆ ಕಣಕಾಲಿನ ಮೇಲೆ ಬೀಳುವುದು 120 ಕಿಲೋವೋ 200 ಕಿಲೋವೋ ಎಂಬುದರ ಮೇಲೆ ಮುಂದಿನ ಆರು ತಿಂಗಳು ನಿಂತಿರುತ್ತದೆ.

"ನಾನು ಆರು ಅಡಿ, ತೊಂಬತ್ತು ಕಿಲೋ" ಎನ್ನುವವರ ಮಾತಿನಲ್ಲಿ ಸತ್ಯವಿದೆ. 110 ಸಿಸಿಯ ಪುಟ್ಟ ಗಾಡಿಯಲ್ಲಿ ಅವರ ಮಂಡಿ ಹ್ಯಾಂಡಲಿಗೆ ತಾಗುತ್ತದೆ, ಸ್ಪ್ರಿಂಗು ಪೂರ್ತಿ ಕುಸಿಯುತ್ತದೆ. ಅವರಿಗೆ ಬೇಕಾದ್ದು ಎತ್ತರದ ಚೌಕಟ್ಟು, ಬಿರುಸಾದ ಸ್ಪ್ರಿಂಗು. ಅದನ್ನು ಹೇಳಿದರೆ ಯಾರು ಬೇಡವೆನ್ನುತ್ತಾರೆ? ಅದಕ್ಕೆ ಎರಡು ಪಟ್ಟು ಶಕ್ತಿಯ ಎಂಜಿನ್ ಸೇರಿಸಿ ಮಾರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜೊತೆಗೆ, ಆರಡಿಯವರಿಗಿಂತ ಐದೂವರೆ ಅಡಿಯವರು ನಮ್ಮಲ್ಲಿ ಬಹಳ ಹೆಚ್ಚು. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರಿನ ಸೀಟು 855 ಮಿಲಿಮೀಟರ್ ಎತ್ತರ, ಶಕ್ತಿ 43 ಹಾರ್ಸ್ ಪವರ್. ಹೆದ್ದಾರಿಗೆ ಸೊಗಸಾದ ಗಾಡಿ. ಐದೂವರೆ ಅಡಿಯ ಹೊಸಬ ಅದರ ಮೇಲೆ ಕೂತರೆ ಹೆಬ್ಬೆರಳು ಮಾತ್ರ ನೆಲಕ್ಕೆ ಮುಟ್ಟುತ್ತದೆ, ಅದೂ ಷೋರೂಮಿನ ಟೈಲ್ಸ್ ಮೇಲೆ. ಕಲ್ಲು, ಕೊರಕಲು, ಇಳುಕಲು ಇರುವ ಕಡೆ ಆ ಹೆಬ್ಬೆರಳಿಗೂ ನೆಲ ಸಿಗದು.

"ಈಗಿನ ಗಾಡೀಲಿ ಟ್ರಾಕ್ಷನ್ ಕಂಟ್ರೋಲ್ ಇದೆ, ಎಬಿಎಸ್ ಇದೆ, ಅದೇ ನೋಡ್ಕೊಳ್ಳತ್ತೆ" ಎನ್ನುವುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಯಾವ ಕಂಪ್ಯೂಟರೂ ಗಾಡಿಯ ತೂಕ ಇಳಿಸುವುದಿಲ್ಲ, ಬಿದ್ದದ್ದನ್ನು ಎತ್ತುವುದಿಲ್ಲ.

ಎದುರಿನವರ ಗಟ್ಟಿಯಾದ ವಾದ ಒಂದೇ: ದೂರ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಇನ್ನೂರಿಪ್ಪತ್ತು ಕಿಲೋಮೀಟರ್. ಶನಿವಾರ ಬೆಳಿಗ್ಗೆ ಹೊರಟು ಮಣ್ಣಿನಲ್ಲಿ ಆಡಿ ಭಾನುವಾರ ರಾತ್ರಿ ಮನೆ ಸೇರಬೇಕಾದವನಿಗೆ ನೆಲಮಂಗಲ ದಾಟಿದ ಮೇಲೆ ಸಣ್ಣ ಎಂಜಿನ್ನು ಏದುಸಿರು ಬಿಡುತ್ತದೆ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಒಪ್ಪುತ್ತೇನೆ. ಆದರೆ ಇದು ಪ್ರಯಾಣದ ಗಾಡಿಯ ಅಗತ್ಯ, ಮಣ್ಣು ಕಲಿಯುವ ಗಾಡಿಯದಲ್ಲ. ಲಡಾಖಿಗೆ ಹೋಗಬೇಕೇ, ಕಾರವಾರದಿಂದ ಕನ್ಯಾಕುಮಾರಿಗೆ ಹೋಗಬೇಕೇ, ಹಿಮಾಲಯನ್ 450 ಕೊಳ್ಳಿ. 2023ರಲ್ಲಿ ಬಂದ ಆ ಗಾಡಿ 196 ಕಿಲೋ, 40 ಹಾರ್ಸ್ ಪವರ್, ದೂರದ ದಾರಿಗೆ ಒಳ್ಳೆಯ ಜೊತೆಗಾರ. ದಾರಿಯ ನಡುವೆ ಬರುವ ಹತ್ತು ಕಿಲೋಮೀಟರ್ ಹಾಳು ರಸ್ತೆಯನ್ನು ದಾಟಿಸುತ್ತದೆ. ಅದನ್ನು ಮೊದಲ ಡರ್ಟ್ ಬೈಕ್ ಎಂದು ಕೊಟ್ಟು, ಅದರಲ್ಲೇ ಮಣ್ಣು ಕಲಿ ಎಂದು ಕಳಿಸುವುದು ಮೋಸ. ಮಣ್ಣು ಕಲಿಯಲು ಸಕಲೇಶಪುರಕ್ಕೇ ಹೋಗಬೇಕೆಂದು ಹೇಳಿದವರಾರು? ಕಲಿಯಲು ಬೇಕಾದ್ದು ಒಪ್ಪಿಗೆ ಇರುವ ಒಂದು ಎಕರೆ ಜಾಗ, ಎರಡು ಹಳೆಯ ಟೈರು, ಒಂದು ದಿಬ್ಬ. ಅದು ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ಒಳಗೇ ಇದೆ. ತರಬೇತಿಗೆಂದೇ ಕಟ್ಟಿದ ಜಾಗ ಬೇಕೆಂದರೆ ಕೋಲಾರದ ಬಳಿ ಸಂತೋಷ್ ಅವರೇ ಮಾಡಿದ ಬಿಗ್ ರಾಕ್ ಇದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ರಸ್ತೆಗೂ ಆಗಬೇಕು, ಮಣ್ಣಿಗೂ ಆಗಬೇಕು, ನೋಂದಣಿಯೂ ಇರಬೇಕು ಎನ್ನುವ ಹೆಚ್ಚಿನವರಿಗೆ ನನ್ನ ಉತ್ತರ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200. 2019ರಲ್ಲಿ ಬಂತು, 2021ರಲ್ಲಿ ನಾಲ್ಕು ವಾಲ್ವಿನದಾಯಿತು. ಶಕ್ತಿ ಸುಮಾರು 19 ಹಾರ್ಸ್ ಪವರ್, ತೂಕ 158 ಕಿಲೋ ಆಸುಪಾಸು, ಮುಂದೆ 21 ಇಂಚು ಹಿಂದೆ 18 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ. ಇದೂ ಪರಿಪೂರ್ಣವಲ್ಲ, ನನ್ನ ಮನಸ್ಸಿನ ಅಳತೆಗೆ ಇನ್ನೂ ಮೂವತ್ತು ಕಿಲೋ ಇಳಿಯಬೇಕಿತ್ತು, 825 ಮಿಲಿಮೀಟರಿನ ಸೀಟು ಕುಳ್ಳಗಿರುವವರಿಗೆ ಎತ್ತರವೇ. ಆದರೆ ಇಳುಕಲಿನಲ್ಲಿ ಬಿದ್ದರೂ ಒಬ್ಬನೇ ಬೆವರು ಸುರಿಸಿ ಎತ್ತಬಹುದು. ಎಂಜಿನ್ ನಿಧಾನ ಸ್ವಭಾವದ್ದು, ಹಾಫ್ ಕ್ಲಚ್ಚಿನಲ್ಲಿ ಹತ್ತು ನಿಮಿಷ ಆಡಿದರೂ ಮುನಿಯುವುದಿಲ್ಲ. ಇದನ್ನೇ "ಪವರ್ ಇಲ್ಲ" ಎಂದು ಬಯ್ಯುತ್ತಾರೆ. ಹೊಸಬನ ಬಲಗೈಗೆ ಕಲಿಯಲು ಹೊತ್ತು ಕೊಡುವ ಗುಣ ಅದು.

ಗಾಡಿಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಲು ಅನುಕೂಲ ಇದ್ದವರು, ಖಾಸಗಿ ಜಾಗದಲ್ಲೇ ಓಡಿಸುವವರು, ಲೈಟು ಇಂಡಿಕೇಟರು ಇಲ್ಲದ ಅಸಲಿ ಡರ್ಟ್ ಬೈಕನ್ನು ನೋಡಬಹುದು. ಕವಾಸಕಿ ಕೆಎಲ್ಎಕ್ಸ್ 110ರಂಥದ್ದು 76 ಕಿಲೋ, ಸೀಟು 680 ಮಿಲಿಮೀಟರ್, ಕ್ಲಚ್ ತಾನಾಗಿ ಹಿಡಿದು ಬಿಡುತ್ತದೆ. ದೊಡ್ಡವರು ಅದರ ಮೇಲೆ ಕೂರಲು ನಾಚುತ್ತಾರೆ. ನಾಚಿಕೆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಆದರೆ ಇಲ್ಲಿಯೂ ಒಂದು ಗುಂಡಿ ಇದೆ, ಎಚ್ಚರ: ಇಂಥ ಸೌಮ್ಯ ಟ್ರೇಲ್ ಗಾಡಿಗೂ ರೇಸಿಗೆ ಮಾಡಿದ ಮೋಟೋಕ್ರಾಸ್ ಗಾಡಿಗೂ ಹೊರನೋಟ ಒಂದೇ. ಯಾರೋ ಮಾರುವ ಹಳೆಯ 250 ರೇಸ್ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರಿದ್ದಾರೆ. ಅದರ ಎಂಜಿನ್ನಿನ ಆಯಸ್ಸನ್ನು ಎಣಿಸುವುದು ಕಿಲೋಮೀಟರಿನಲ್ಲಲ್ಲ, ಗಂಟೆಗಳಲ್ಲಿ. ಕೆಲವೇ ಗಂಟೆಗೊಮ್ಮೆ ಆಯಿಲ್, ಹತ್ತಾರು ಗಂಟೆಗೆ ಪಿಸ್ಟನ್. ಹೊಸಬನ ಕೈಯಲ್ಲಿ ಅದು ಒಂದು ಋತುವೂ ಬಾಳುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಆರು ವರ್ಷದ ಮಗುವಿಗೆ "ಬೆಳೀತಾನೆ ಬಿಡಿ" ಎಂದು ಹತ್ತು ವರ್ಷದವರ ಗಾಡಿ ಕೊಡಿಸುವ ಅಪ್ಪಂದಿರಿದ್ದಾರೆ. ಯಮಹಾದ ಪಿಡಬ್ಲ್ಯೂ50 ಎಂಬ ಪುಟ್ಟ ಗಾಡಿ 1980ರ ದಶಕದ ಆರಂಭದಿಂದ ಹೆಚ್ಚೇನೂ ಬದಲಾಗದೆ ಬರುತ್ತಿದೆ. ಅದರಲ್ಲಿ ಗೇರಿಲ್ಲ, ಆಕ್ಸಿಲರೇಟರಿನ ಬಳಿ ಒಂದು ಸ್ಕ್ರೂ ಇದೆ, ಅದನ್ನು ಬಿಗಿ ಮಾಡಿದರೆ ಮಗು ಎಷ್ಟೇ ತಿರುಗಿಸಿದರೂ ಗಾಡಿ ನಡಿಗೆಯ ವೇಗ ಬಿಟ್ಟು ಹೆಚ್ಚು ಹೋಗದು. ಮಗು ಕಲಿತಂತೆ ಅಪ್ಪ ಸ್ಕ್ರೂವನ್ನು ಒಂದೊಂದೇ ಸುತ್ತು ಸಡಿಲಿಸುತ್ತಾ ಹೋಗಬೇಕು. ಮೊದಲ ಗಾಡಿ ಎಂದರೆ ಏನೆಂದು ಆ ಸ್ಕ್ರೂ ಮಾಡಿದವನಿಗೆ ಗೊತ್ತಿತ್ತು. ಮಗುವಿನ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗದ ಗಾಡಿಯನ್ನು ಅದಕ್ಕೆ ಕೊಡಿಸಬೇಡಿ. ರಸ್ತೆಗಂತೂ ಇಳಿಸಲೇಬೇಡಿ. ಹದಿನಾರಕ್ಕೆ ಗೇರಿಲ್ಲದ 50 ಸಿಸಿ, ಗೇರಿನ ಬೈಕಿಗೆ ಹದಿನೆಂಟು ಎಂದು ಕಾನೂನೇ ಹೇಳುತ್ತದೆ. 2019ರ ತಿದ್ದುಪಡಿಯ ಮೇಲೆ ಅಪ್ರಾಪ್ತರು ರಸ್ತೆಯಲ್ಲಿ ಅಪರಾಧ ಎಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಇನ್ನೊಂದು ಮಾತು, ಇದನ್ನು ನಮ್ಮವರು ಆಡುವುದೇ ಇಲ್ಲ. ಶಕ್ತಿ ಹೆಚ್ಚಿ, ಕೈ ಪಳಗದಿದ್ದರೆ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ನೆಲವನ್ನು ಅಗೆಯುತ್ತದೆ. ಮಲೆನಾಡಿನ ಏರುದಾರಿಯಲ್ಲಿ ಹಾಗೆ ಬಿದ್ದ ಒಂದು ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಎರಡನೆಯ ಮಳೆಗೆ ಕೊರಕಲು. ಆ ದಾರಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳಿದ್ದಾರೆ, ಹಾಲಿನ ಕ್ಯಾನು ಹೊತ್ತವರಿದ್ದಾರೆ. ತೋಟದವರು ಒಂದು ದಿನ ಗೇಟು ಹಾಕುತ್ತಾರೆ, ನಾವು ಗೊಣಗುತ್ತೇವೆ. ಗೇಟು ಹಾಕಿದ್ದು ನ್ಯಾಯವೇ. ಶೋಲಾ ಕಾಡು, ಹುಲ್ಲುಗಾವಲಿಗೆ ಗಾಡಿ ಹತ್ತಿಸುವವರ ಬಗ್ಗೆ ನನಗೆ ಮಾತಾಡಲೂ ಮನಸ್ಸಿಲ್ಲ. ಕಲಿಯುವ ಮೊದಲು ಶಕ್ತಿ ಕೈಗೆ ಸಿಕ್ಕವನೇ ಇಂಥ ಹಾನಿಯನ್ನು ಹೆಚ್ಚು ಮಾಡುವುದು. ಮೂಡಿಗೆರೆಯ ಆ ಎಕ್ಸೆಲ್ಲಿನವರು ಹತ್ತಿಬಂದ ದಾರಿಯಲ್ಲಿ ಹುಲ್ಲು ಬಾಗಿತ್ತು, ಕಿತ್ತಿರಲಿಲ್ಲ.

ಹೋದ ವಾರ ರಾಮನಗರದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣ, ಷೋರೂಮಲ್ಲಿ ದೊಡ್ಡದೇ ತಗೋ ಅಂತಿದಾರೆ, ಶನಿವಾರದೊಳಗೆ ಬುಕ್ ಮಾಡಿದ್ರೆ ಆಫರ್ ಇದೆಯಂತೆ." ಎತ್ತರ ಎಷ್ಟು ಎಂದೆ. ಐದು ಅಡಿ ಐದು ಇಂಚು. ಮಣ್ಣಿನಲ್ಲಿ ಓಡಿಸಿದ್ದೀಯಾ ಎಂದೆ. ಇಲ್ಲ. ಷೋರೂಮಿನವರು ಆ ಗಾಡಿಯನ್ನು ನೆಲಕ್ಕೆ ಮಲಗಿಸಿ, "ಎತ್ತಿ ನೋಡು" ಅಂದರಾ ಎಂದು ಕೇಳಿದೆ. ಅವನು ಸುಮ್ಮನಾದ. ಅಡ್ವಾನ್ಸ್ ಕೊಡಬೇಡ, ಆಫರ್ ಹೋದರೆ ಹೋಗಲಿ, ಭಾನುವಾರ ಬೆಳಿಗ್ಗೆ ಆರೂವರೆಗೆ ಹೊಸಕೋಟೆಗೆ ಬಾ ಎಂದಿದ್ದೇನೆ. ಬರುತ್ತೇನೆ ಅಂದಿದ್ದಾನೆ. ಅವನ ಅಳತೆಯ ಬೂಟು ಗೆಳೆಯನ ಹತ್ತಿರ ತರಿಸಿಟ್ಟಿದ್ದೇನೆ, ನನ್ನ ಹಳೆಯ ಗಾಡಿಯ ಚೈನಿಗೆ ಎಣ್ಣೆ ಹಾಕಿದ್ದೇನೆ, ಕ್ಲಚ್ ಲಿವರು ಎರಡು ಹೆಚ್ಚಿಗೆ ತಂದಿದ್ದೇನೆ.